ಒಬ್ಬಳೇ ಹೆಂಡತಿ, ಎರಡು ಚೌಕ

ಚೌಕ, ಗೆರೆ, ಬಾಣಗಳ ನಕ್ಷೆ ಬರೆಯುವ ಸಾಫ್ಟ್‌ವೇರ್ ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಅವರ ಮನೆತನದಲ್ಲಿ ಯಾರೂ ಅಕ್ಕನ ಮಗಳನ್ನು ಮದುವೆಯಾಗಿಲ್ಲ ಎಂಬುದು ಮಾತ್ರ ಖಾತ್ರಿ. ನಾನು ಆಗಿದ್ದೇನೆ. ಹೀಗಾಗಿ ರಾಮದುರ್ಗದ ಶಾಂತಕ್ಕ ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಬೇರೆ ಗಂಡಸರು ಹೆಂಡತಿಯ ಜೊತೆ ಜಗಳವಾದರೆ ಅಕ್ಕನ ಮುಂದೆ ಹೋಗಿ ಗೋಳು ತೋಡಿಕೊಳ್ಳುತ್ತಾರೆ. ನಾನು ಹೋಗುವಷ್ಟರಲ್ಲಿ ನನ್ನ ಹೆಂಡತಿ ಸುಜಾತಾ ಅಲ್ಲಿ ಚಹಾ ಕುಡಿಯುತ್ತ ಕುಳಿತಿರುತ್ತಾಳೆ. ಅಕ್ಕ ಸಿಟ್ಟಾದಳೆಂದರೆ ನನಗೆ ಎರಡೂ ಬಾಗಿಲು ಬಂದ್.

ಅಂಥ ಅಕ್ಕ ಹೊಸ ಮನೆ ಕಟ್ಟಿಸಿದಳು. ವಾಸ್ತುಶಾಂತಿಯ ದಿನ ಪಡಸಾಲೆಯ ಗೋಡೆಯ ಮೇಲೆ ಇಡೀ ಮನೆತನದ ನಕ್ಷೆ, ಫೋಟೋ ಸಹಿತ, ಇರಬೇಕಂತೆ. "ನೀ ಬೈಲಹೊಂಗಲದಾಗ ಸಾಲಿ ಮಾಸ್ತರ ಅದೀಯಲ್ಲ, ಹುಡುಗರಿಗೆ ಹೃದಯದ ಚಿತ್ರ ಕಂಪ್ಯೂಟರಿನ್ಯಾಗ ತಗೀತಿ. ಇದೇನ ದೊಡ್ಡದು?" ಎಂದಳು. ಹೃದಯಕ್ಕೆ ಇರುವುದು ನಾಲ್ಕೇ ಕೋಣೆ, ಅವು ಒಂದರ ಮೇಲೊಂದು ಸಿಟ್ಟು ಮಾಡಿಕೊಳ್ಳುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ?

ಕಂಪ್ಯೂಟರಿನ ಮುಂದೆ ಕುಳಿತೆ. ಸುಜಾತಾಳನ್ನು ಅಕ್ಕನ ಕೆಳಗಿಟ್ಟು ಅವಳಿಂದ ನನಗೊಂದು ಗೆರೆ ಎಳೆದರೆ, ಸಾಫ್ಟ್‌ವೇರ್ ನನ್ನನ್ನು ಅವಳ ಮಗನನ್ನಾಗಿ ಮಾಡಿತು. ಅವಳನ್ನೇ ನನ್ನ ಪಕ್ಕಕ್ಕೆ ಎಳೆದೆ. ಅಕ್ಕನಿಂದ ಬರುವ ಗೆರೆ ಕಿತ್ತುಹೋಯಿತು. ಪಕ್ಕದಲ್ಲಿ ಕೂತವಳಿಗೆ ಮೇಲಿನಿಂದ ಗೆರೆ ಬರುವಂತಿಲ್ಲ ಎಂಬುದು ಅದರ ಶಾಸ್ತ್ರ. "ಅಯ್ಯ, ನನಗ ತವರಮನೀನ ಇಲ್ಲದಂಗ ಮಾಡಿದ್ರೆಲ್ಲ!" ಎಂದಳು ಹಿಂದೆ ನಿಂತಿದ್ದ ಸುಜಾತಾ. ಗಾಬರಿಯಲ್ಲಿ 'ತಾನಾಗಿ ಹೊಂದಿಸು' ಎಂಬ ಗುಂಡಿ ಒತ್ತಿದೆ. ಕಟಕೋಳದ ಕಾಕಾ ಹೋಗಿ ನೇಸರಗಿಯ ಚಿಗವ್ವನ ಪಕ್ಕ ಕುಳಿತ. ಅವರಿಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿವೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಚೌಕ ಸರಿಸಿದರೆ ಗೆರೆಯೂ ಹಿಂದೆ ಬರಬೇಕು. ಅಕ್ಕನ ಚೌಕಕ್ಕೆ ಒಂದು ಬೀಗ ಬೇಕು. ಯಾರು ಏನು ಒತ್ತಿದರೂ ಅದು ಕೆಳಗಿಳಿಯಬಾರದು. ಮಾತು ಬಿಟ್ಟವರನ್ನು ಅಕ್ಕಪಕ್ಕ ಕೂರಿಸುವ ಮೊದಲು 'ಖರೇನ ಕೂಡಸ್ಲೇನ್ರಿ?' ಎಂದು ಕೇಳಬೇಕು. ಒಬ್ಬಳೇ ಹೆಣ್ಣುಮಗಳು ಒಂದೇ ಮನೆಗೆ ಮೊಮ್ಮಗಳೂ ಸೊಸೆಯೂ ಆಗಬಹುದು ಎಂದರೆ ನಂಬಬೇಕು. ಇಷ್ಟು ಬೈದರೂ ಅದರಲ್ಲಿ ಒಂದು ಒಳ್ಳೆಯ ಗುಣವಿದೆ: ಹಿಂದಕ್ಕೆ ತಿರುಗಿದ ಒಂದು ಬಾಣ. ಒತ್ತಿದರೆ ಮಾಡಿದ್ದು ಮಾಡದಂತಾಗುತ್ತದೆ. ಒತ್ತಿ ಒತ್ತಿ ನನ್ನ ಬೆರಳು ನೋಯಹತ್ತಿತು.

ಅಷ್ಟರಲ್ಲಿ ಅಕ್ಕನ ಫೋನು. "ಏನೋ, ಮುಗೀತೇನ? ನನ್ನ ಮಗಳು ನನ್ನ ಕೆಳಗ ಅದಾಳಿಲ್ಲೋ?"

"ಅದಾಳಕ್ಕಾ" ಎಂದೆ. ಪ್ರಿಂಟಿನ ಅಂಗಡಿ ಮುಚ್ಚುವ ಹೊತ್ತು. ಕೊನೆಗೆ ಹೆಂಡತಿಗೆ ಎರಡು ಚೌಕ ಕೊಟ್ಟೆ: ನನ್ನ ಪಕ್ಕ ಒಂದು, ಅಕ್ಕನ ಕೆಳಗೊಂದು. ಎರಡೂ ಕಡೆ ಒಂದೇ ಫೋಟೋ ಚಂದವಲ್ಲ ಎಂದು ಅಕ್ಕನ ಕೆಳಗೆ ಅವಳ ಕಾಲೇಜಿನ ದಿನಗಳ ಎರಡು ಜಡೆಯ ಫೋಟೋ ಹಾಕಿ, ತವರಿನಲ್ಲಿ ಕರೆಯುವ ಬೇಬಿ ಎಂಬ ಹೆಸರನ್ನೇ ಬರೆದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ವಾಸ್ತುಶಾಂತಿಗೆ ಸವದತ್ತಿಯಿಂದ ಬಂದಿದ್ದ ಹಿರಿಯರೊಬ್ಬರು ಊಟ ಮುಗಿಸಿ ನಕ್ಷೆಯ ಮುಂದೆ ನಿಂತು, ಕನ್ನಡಕ ಏರಿಸಿದರು. "ಶಾಂತಕ್ಕಾರ, ಈ ಬೇಬಿ ಅನ್ನಾಕಿಗೆ ಇನ್ನೂ ಮದುವಿ ಆಗಿಲ್ಲೇನ್ರಿ? ನಮ್ಮ ಹುಡುಗ ಬ್ಯಾಂಕಿನ್ಯಾಗ ಅದಾನ. ಕನ್ಯಾ ಹುಡಕಾಕ ಹತ್ತೇವಿ."

ಅಕ್ಕ ನನ್ನನ್ನು ನೋಡಿದ ನೋಟ ಅಕ್ಕನದೋ ಅತ್ತೆಯದೋ ತಿಳಿಯಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ, "ಏನಂತೀ ಬೇಬಿ? ಬ್ಯಾಂಕಿನ್ಯಾಂವ ಅಂತ. ಹೂಂ ಅನ್ಲೇನು?" ಎಂದಳು. ಪಡಸಾಲೆಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಸುಜಾತಾಳೂ ನಕ್ಕಳು. ಆದರೆ ನಗುವ ಮೊದಲು ಸ್ವಲ್ಪ ವಿಚಾರ ಮಾಡಿದಳು. ಅದನ್ನು ನಾನು ಕಂಡೆ.

ನಕ್ಷೆಯನ್ನು ಸರಿಮಾಡಿ ಬೇರೆ ಹಾಕಿಸುತ್ತೇನೆ ಎಂದರೆ, "ಇರ್ಲಿ ಬಿಡ್ರಿ, ಚಂದ ಐತಿ" ಎನ್ನುತ್ತಾಳೆ ಸುಜಾತಾ. ಸಾಫ್ಟ್‌ವೇರಿನವರು ಉಳಿದದ್ದೇನೂ ಕೊಡದಿದ್ದರೂ ನಡೆದೀತು. ಆ ಹಿಂದಕ್ಕೆ ಹೋಗುವ ಬಾಣ ಅಕ್ಕನ ಪಡಸಾಲೆಯ ತನಕ ಮುಟ್ಟುವಂತೆ ಮಾಡಿಕೊಟ್ಟರೆ ಸಾಕು. ಅದು ಬರುವ ತನಕ ನಮ್ಮ ಮನೆಯಲ್ಲಿ ಮುಂಜಾನೆಯ ಚಹಾ ನಾನೇ ಮಾಡುತ್ತಿದ್ದೇನೆ.