ಕಚ್ಚಿ ಕೂತ ಪ್ಲಗ್ಗು

"ಯಾರೂ ಮುಟ್ಟಬೇಡಿ" ಎಂದು ಹೇಳಿಹೋಗಿದ್ದೇ ತಪ್ಪಾಯಿತು. ಹೇಳದಿದ್ದರೆ ಗುಮಾಸ್ತ ಆ ಬೈಕಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಬೈಕು ಅವನ ಹೆಂಡತಿಯ ಅಣ್ಣನದು. ಹಿಂದಿನ ವಾರ ಅದನ್ನು ತಳ್ಳಿಕೊಂಡೇ ಬಂದು ಇವರ ಅಂಗಳದಲ್ಲಿ ನಿಲ್ಲಿಸಿ, ಟಾರ್ಪಾಲು ಹೊದಿಸಿ, "ಭಾನುವಾರ ಸಂಜೆ ಬರ್ತೀನಿ" ಎಂದು ಬೆರಳಾಡಿಸಿ ಹೋಗಿದ್ದ. ಭಾವ ಮಹಾ ಮುಂಗೋಪಿ. ಅವನಿಗೆ ಸಿಟ್ಟು ಬಂದರೆ ಎದುರಿಗಿರುವ ಕುರ್ಚಿಯೂ ಎದ್ದು ನಿಲ್ಲಬೇಕು, ಅಂಥ ಆಸಾಮಿ.

ಭಾನುವಾರ ಬೆಳಗ್ಗೆ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಗುಮಾಸ್ತ ಟಾರ್ಪಾಲು ಎತ್ತಿದ. ಬೀದಿಯ ಕೊನೆವರೆಗೆ ಒಂದೇ ಒಂದು ಸುತ್ತು, ಯಾರಿಗೆ ಗೊತ್ತಾಗುತ್ತದೆ? ಆದರೆ ಕಿಕ್ ಹೊಡೆದು ಹೊಡೆದು ಮೊಣಕಾಲು ಸೋತರೂ ಎಂಜಿನ್ ಒಂದು ಸಲ ಕೆಮ್ಮಲೂ ಇಲ್ಲ. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿಗೆ ಮಸಿ ಹಿಡಿದಿರಬೇಕು, ಬಿಚ್ಚಿ ಉಜ್ಜಿದರಾಯಿತು ಎಂದು ಸ್ಪ್ಯಾನರ್ ಹಾಕಿದ. ಪ್ಲಗ್ಗು ಅಲುಗಲಿಲ್ಲ. ಹಲ್ಲು ಕಚ್ಚಿ ಮೈಭಾರವನ್ನೆಲ್ಲ ಬಿಟ್ಟ. ಸ್ಪ್ಯಾನರ್ ಜಾರಿತು. ಪ್ಲಗ್ಗಿನ ಬಿಳಿ ಪಿಂಗಾಣಿ ತಲೆ ಟಪ್ಪೆಂದು ಮುರಿದು ಕಾಲ ಬಳಿ ಬಿತ್ತು.

ಗುಮಾಸ್ತನ ಜೀವ ಬಾಯಿಗೆ ಬಂತು.

"ರೀ, ಏನದು ಸದ್ದು?"

"ಏನಿಲ್ಲ ಕಣೇ, ನೀನು ಬಟ್ಟೆ ಒಗಿ."

ಏನಿಲ್ಲ ಎಂದರೆ ಬಂದು ನೋಡದಿರುವ ಹೆಂಡತಿ ಎಲ್ಲಿದ್ದಾಳೆ? ಕೈಯ ನೊರೆ ಒರೆಸಿಕೊಳ್ಳುತ್ತ ಬಂದವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ಅಣ್ಣ ಸಂಜೆ ಬರ್ತಾನೆ! ನಾನಂತೂ ಬಾಯಿ ಬಿಡಲ್ಲ. ನೀವುಂಟು, ಅವನುಂಟು."

ಎದುರುಮನೆಯ ದರ್ಜಿ ಅಷ್ಟರಲ್ಲೇ ಗೇಟು ದಾಟಿದ್ದ. "ಏನ್ ಸಾರ್, ಮುರಿದೇಬಿಟ್ರಾ?" ಎಂದು ಕೇಳಿದ ದನಿಯಲ್ಲಿ ಸಂತಾಪಕ್ಕಿಂತ ಸಂತೋಷವೇ ಹೆಚ್ಚಾಗಿತ್ತು. ಓಡಿಹೋಗಿ ಹೊಲಿಗೆ ಮೆಷೀನಿನ ಎಣ್ಣೆ ತಂದು ಸುರಿದ. ಪ್ಲಗ್ಗು ಎಣ್ಣೆ ಕುಡಿದು ಸುಮ್ಮನೆ ಕೂತಿತು.

"ಡಬ್ಬಿ ಮುಚ್ಚಳ ಕಚ್ಕೊಂಡ್ರೆ ನಾನು ಬಿಸಿನೀರು ಹುಯ್ತೀನಪ್ಪ" ಎಂದು ಮಹಡಿ ಮನೆಯ ಅಜ್ಜಿ ಮೇಲಿನಿಂದಲೇ ಚೆಂಬು ಬಗ್ಗಿಸಿದರು. ಅರ್ಧ ಎಂಜಿನ್ನಿಗೆ, ಅರ್ಧ ಗುಮಾಸ್ತನ ಕತ್ತಿಗೆ. ಪ್ಲಗ್ಗಿಗಿಂತ ಮೊದಲು ಗುಮಾಸ್ತ ಸಡಿಲವಾದ.

ಮಧ್ಯಾಹ್ನದ ಊಟವನ್ನೂ ಬಿಟ್ಟು ಬೈಕಿನ ಪಕ್ಕದಲ್ಲೇ ಕೂತ. ಅಂಗಳದ ನೆರಳು ಉದ್ದವಾದಂತೆಲ್ಲ ಅವನ ಮುಖ ಚಿಕ್ಕದಾಗುತ್ತ ಬಂತು. ಕೊನೆಗೆ ಪಕ್ಕದ ಮನೆಯ ರಿಟೈರ್ಡ್ ಲಾರಿ ಡ್ರೈವರ್ ನಿದ್ದೆ ಮುಗಿಸಿ, ಒಂದು ಕಬ್ಬಿಣದ ಪೈಪು ಹಿಡಿದು ಬಂದ.

"ತಲೆ ಹೋದ್ರೇನ್ರೀ, ಸೊಂಟ ಇದೆಯಲ್ಲ! ಸೊಂಟ ಹಿಡಿದು ತಿರುಗ್ಸೋಣ" ಎಂದು ಸ್ಪ್ಯಾನರಿನ ಹಿಡಿಗೆ ಪೈಪು ತೂರಿಸಿದ. "ಒಂದು ಮಾತು. ಒಳಗಿನ ತಿರುಪಿನ ಥ್ರೆಡ್ ಕಿತ್ಕೊಂಡು ಬಂದ್ರೆ ಎಂಜಿನ್ ಹೆಡ್ಡೇ ಹೋದಂಗೆ. ಎಳೀಲಾ?"

"ಎಳೀರಿ... ಅಯ್ಯೋ ಬೇಡಿ... ತಡೀರಿ... ಹೂಂ, ಎಳೀರಿ!"

ಡ್ರೈವರ್ ಪೈಪಿಗೆ ಜೋತುಬಿದ್ದ. ದರ್ಜಿ ಡ್ರೈವರನ ಸೊಂಟ ಹಿಡಿದ. ಹೆಂಡತಿ ಹ್ಯಾಂಡಲ್ ಹಿಡಿದಳು. ಗುಮಾಸ್ತ ಮುಂದಿನ ಚಕ್ರ ತಬ್ಬಿ ಕಣ್ಣು ಮುಚ್ಚಿದ.

ಕಟಕ್!

"ಹೋಯ್ತಾ? ಹೆಡ್ ಹೋಯ್ತಾ?" ಗುಮಾಸ್ತ ಕಣ್ಣು ತೆರೆಯಲಿಲ್ಲ.

"ಬಂತು ಕಣ್ರೀ! ಥ್ರೆಡ್ಡೂ ಚೆನ್ನಾಗಿದೆ." ನೆಲಕ್ಕೆ ಬಿದ್ದಿದ್ದ ಡ್ರೈವರ್ ಪ್ಲಗ್ಗನ್ನು ಮೂಗಿನ ಹತ್ತಿರ ಹಿಡಿದ. "ಇದೇನಿದು, ಕಲ್ಲಿನಂಥ ಅಂಟು? ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ."

ಕೇಳಿಸಿಕೊಳ್ಳಲು ಗುಮಾಸ್ತನಿಗೆ ಪುರುಸೊತ್ತೆಲ್ಲಿ? ಅಂಗಡಿಗೆ ಓಡಿದ, ಹೊಸ ಪ್ಲಗ್ಗು ತಂದ, ಕೂರಿಸಿದ, ಕಿಕ್ ಹೊಡೆದ. ಎಂಜಿನ್ ಒಂದೇ ಏಟಿಗೆ ಗುಡುಗಿತು. ಇನ್ನು ಟಾರ್ಪಾಲು ಹೊದಿಸಿಬಿಟ್ಟರೆ ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಗೇಟಿನ ಬಳಿ ಭಾವ ನಿಂತಿದ್ದ. ಹಿಂದೆ ಅವನ ಅಪ್ಪ, ಅಂದರೆ ಗುಮಾಸ್ತನ ಮಾವ. ಎಪ್ಪತ್ತು ದಾಟಿದ ದಪ್ಪ ಕನ್ನಡಕದ ಮುದುಕರು.

ಭಾವ ಬೈಯಲಿಲ್ಲ. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಗುಮಾಸ್ತನ ರಟ್ಟೆ ಹಿಡಿದು ಮೂಲೆಗೆ ಎಳೆದ.

"ಅಲ್ರೀ, ಅದನ್ನ ಹೇಗ್ರೀ ಬಿಚ್ಚಿದ್ರಿ? ಕೆಟ್ಟ ಪ್ಲಗ್ಗು ಹುಡುಕಿ, ಕಬ್ಬಿಣ ಕಚ್ಚೋ ಅಂಟು ಮೆತ್ತಿ, ನನ್ನ ಕೈಯಾರೆ ಕೂರಿಸಿದ್ದೆ! ಈ ವಯಸ್ಸಲ್ಲಿ ಅಪ್ಪಂಗೆ ಬೈಕ್ ಕಲೀಬೇಕಂತೆ, ಪ್ರಾಣ ತಿಂತಿದ್ರು. ಮನೇಲಿದ್ರೆ ಮೆಕ್ಯಾನಿಕ್‌ನ ಕರೆಸ್ತಾರೆ ಅಂತ ಇಲ್ಲಿ ತಂದಿಟ್ಟೆ. ಗಾಡಿ ಸತ್ತಿದೆ ಅಂತ ಕಣ್ಣಾರೆ ತೋರ್ಸಿ ಆಸೆ ಬಿಡ್ಸೋಣ ಅಂತ ಇವತ್ತು ಕರ್ಕೊಂಡು ಬಂದ್ರೆ..."

ಮಾವ ಅಷ್ಟರಲ್ಲೇ ಪಂಚೆ ಎತ್ತಿ ಕಟ್ಟಿ ಸೀಟಿನ ಮೇಲೆ ಕೂತಾಗಿತ್ತು.

"ಏನೋ, ಸತ್ತಿದೆ ಅಂದ್ಯಲ್ಲ? ನೋಡು, ಅಳಿಯಂದ್ರು ಜೀವ ಕೊಟ್ಟಿದಾರೆ! ಇನ್ಮೇಲೆ ನಂಗೆ ಇವರೇ ಮೇಷ್ಟ್ರು. ಬನ್ನಿ ಅಳಿಯಂದ್ರೇ, ಹಿಂದೆ ಕೂತ್ಕೊಳ್ಳಿ."

ಗುಮಾಸ್ತ ಭಾವನ ಮುಖ ನೋಡಿದ. ಭಾವ ಹಲ್ಲು ಕಡಿದು, "ಹತ್ರೀ. ರಿಪೇರಿ ಮಾಡಿದ್ದು ನಾನಲ್ಲ" ಎಂದ.

ಗುಮಾಸ್ತ ಹತ್ತಿದ. ಬೈಕು ಕಪ್ಪೆಯಂತೆ ಎರಡು ಸಲ ಕುಪ್ಪಳಿಸಿ, ಗೇಟಿನಿಂದ ಆಚೆ ಹಾರಿ, ಇಳಿಜಾರಿನ ಬೀದಿಗೆ ಬಿತ್ತು. ತಿರುವಿನ ಗೋಡೆ ಎದುರಿಗೆ ದೊಡ್ಡದಾಗುತ್ತ ಬರುತ್ತಿದ್ದಂತೆ ಮಾವ ಪೂರ್ತಿ ಹಿಂದಕ್ಕೆ ತಿರುಗಿ, ನಗುನಗುತ್ತ ಕೇಳಿದರು:

"ಅಳಿಯಂದ್ರೇ, ಇದನ್ನ ನಿಲ್ಸೋದು ಕೈಯಲ್ಲೋ ಕಾಲಲ್ಲೋ?"