ಶೀಶೆಯೊಳಗಿನ ಮದುಮಗ

ಜಗಳೂರಿನ ಬಿಸಿಲಿಗೆ ಕಾಲೇಜು ಲ್ಯಾಬಿನ ಎ.ಸಿ. ಕೈಕೊಟ್ಟಿತು. ಅರುಣಾ ಎರಡು ವರ್ಷದಿಂದ ಶೀಶೆಗಳಲ್ಲಿ ಸಾಕಿದ್ದ ಕಪ್ಪೆ ಚರ್ಮದ ಜೀವಕೋಶಗಳೆಲ್ಲ ಸತ್ತು, ಒಂದೇ ಒಂದು ಶೀಶೆ ಉಳಿಯಿತು. ನಾಳೆ ಗೈಡು ಬಂದು ಅದನ್ನು ನೋಡಿ ಒಪ್ಪಿದರೆ ಪಿಎಚ್.ಡಿ.; ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

ಶೀಶೆಯನ್ನು ಎಳೆಗೂಸಿನಂತೆ ಅವಚಿಕೊಂಡು ಮನೆಗೆ ತಂದವಳು ನೀರಿನ ಗಡಿಗೆಯ ಕೆಳಗಿನ ತಂಪು ಮರಳಿನಲ್ಲಿಟ್ಟಳು. ಕೂತಲ್ಲಿ ಕೂರಲಾರದೆ ಮತ್ತೆ ಮತ್ತೆ ಎದ್ದು ಹೋಗಿ ನೋಡಿದಳು. ಮಗನಿಗೆ ಜ್ವರ ಬಂದಾಗಲೂ ಇಷ್ಟು ಸಲ ಎದ್ದಿರಲಿಲ್ಲವಲ್ಲ ಎಂದು ಒಳಗೊಳಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಅತ್ತೆ ಬೊಮ್ಮಕ್ಕ ನಲ್ಲಿಯ ಹತ್ತಿರ ಸುದ್ದಿ ಬಿಟ್ಟಾಗಿತ್ತು. ಪಕ್ಕದ ಮನೆಯ ಶಂಕರಮ್ಮ ಹೆಂಗಸರ ದಂಡು ಕಟ್ಟಿಕೊಂಡು ಬಂದಳು. ಮಳೆಗಾಗಿ ಇವತ್ತು ಓಣಿಯಲ್ಲಿ ಕಪ್ಪೆ ಮದುವೆ. ವಾಲಗ, ಪಾಯಸ ಎಲ್ಲ ಸಿದ್ಧ, ಕಪ್ಪೆಯೇ ಇಲ್ಲ.

“ಕೆರೆ, ಬಾವಿ, ಬಚ್ಚಲು ಎಲ್ಲಾ ಹುಡುಕಿದ್ವಿ ಕಣೇ. ನಿಮ್ಮನೇಲಿ ಐತಂತೆ, ಕೊಡು.”

“ಅದು ಕಪ್ಪೆ ಅಲ್ರೀ, ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶ. ಕಪ್ಪೆ ಸತ್ತು ಎರಡು ವರ್ಷ ಆತು.”

“ಕಪ್ಪೆ ಸತ್ತೈತೆ, ಚರ್ಮ ಬದುಕೈತೆ!” ಶಂಕರಮ್ಮ ಕೆನ್ನೆ ಬಡಿದುಕೊಂಡಳು. “ಹಂಗಾದ್ರೆ ದೇವರ ಕಪ್ಪೇನೇ ಬಿಡ್ರೇ ಇದು!”

“ಗಂಡೋ, ಹೆಣ್ಣೋ?” ಹಿಂದಿನಿಂದ ದುರುಗಕ್ಕ ಕೇಳಿದಳು.

“ಗಂಡು” ಎಂದು ಬಾಯಿ ತಪ್ಪಿ ಹೇಳಿ ಅರುಣಾ ನಾಲಿಗೆ ಕಚ್ಚಿಕೊಂಡಳು.

“ಹೆಣ್ಣನ್ನ ಮಣ್ಣಾಗೆ ಮಾಡಿದ್ರಾತು. ತಗೊಂಬಾ ಗಂಡನ್ನ!”

ಕೊಡದಿದ್ದರೆ ಮಳೆ ತಡೆದವಳೆಂಬ ಹೆಸರು. ಅರುಣಾ ಒಳಗೆ ಹೋಗಿ, ಜೀವಕೋಶಗಳಿಗೆ ಆಹಾರವೆಂದು ತಂದಿದ್ದ ಗುಲಾಬಿ ದ್ರಾವಣವನ್ನಷ್ಟೇ ಖಾಲಿ ಶೀಶೆಗೆ ಸುರಿದು ಕೊಟ್ಟಳು. ಕಣ್ಣಿಗೆ ಕಾಣದ ವರನಿಗೆ ಅರಿಶಿನ ಬಳಿದು ಬಾಸಿಂಗ ಕಟ್ಟಿದರು. ಅರುಣಾ ಮನಸ್ಸು ಹಗುರಾಗಿ, ಮೆರವಣಿಗೆಯ ಮುಂದೆ ನಿಂತು ಸೋಬಾನೆಗೂ ದನಿಗೂಡಿಸಿದಳು. ಬೊಮ್ಮಕ್ಕ ತಡವಾಗಿ ಬಂದು, ಮಲ್ಲಿಗೆಯಲ್ಲಿ ಮುಚ್ಚಿದ್ದ ಹೆಣ್ಣನ್ನು ವರನ ಪಕ್ಕದಲ್ಲಿಟ್ಟಳು. ತಾಳಿಯಾಯಿತು. ರೂಢಿಯಂತೆ ಜೋಡಿಯನ್ನು ಕೆರೆಗೆ ಬಿಡಬೇಕಲ್ಲ. ಶಂಕರಮ್ಮ ಹೂವಿನ ಸಮೇತ ಎರಡನ್ನೂ ಅಳಿದುಳಿದ ಕೆಸರುನೀರಿಗೆ ಬಗ್ಗಿಸಿದಳು.

ಅರುಣಾ ಅತ್ತೆಯ ಕಿವಿಯಲ್ಲಿ ಉಸುರಿದಳು: “ನಾ ಕೊಟ್ಟಿದ್ದು ಬರೇ ಬಣ್ಣದ ನೀರು ಅತ್ತೆ. ಯಾರಿಗೂ ಹೇಳಬ್ಯಾಡ್ರಿ.”

“ನೀ ಸುರಿಯೋದು ನೋಡಿದೆನಲ್ಲ” ಅಂದಳು ಬೊಮ್ಮಕ್ಕ. “ಗಂಡು ಬರೇ ನೀರು, ಹೆಣ್ಣು ಬರೇ ಮಣ್ಣು ಆದ್ರೆ ಮಳೆ ಬರ್ತೈತಾ? ಹೆಣ್ಣಾದ್ರೂ ಜೀವ ಇರೋದು ಇರಲಿ ಅಂತ ನೀ ಮರಳಾಗೆ ಇಟ್ಟಿದ್ದ ಶೀಶೇನೇ ತಂದು ಕೊಟ್ಟೆ.”

ಅರುಣಾ ಕೆರೆಯಂಗಳದಲ್ಲಿ ಕುಸಿದು ಬಿಕ್ಕಿದಳು.

ಶಂಕರಮ್ಮ ಓಡಿ ಬಂದು ಸೆರಗಿನಿಂದ ಕಣ್ಣೊರೆಸಿದಳು. “ಅಳು ತಾಯಿ, ಅತ್ತುಬಿಡು. ಸಾಕಿದ ಮಗನ್ನ ಕಳಿಸೋವಾಗ ಯಾರಿಗೆ ತಡಿಯಾಕೆ ಆಗ್ತೈತೆ? ನಾಳೆಯಿಂದ ಇನ್ನೊಂದು ಸಾಕಿದ್ರಾತು.”