ನಮ್ಮ ಕೂಲರಿನಲ್ಲಿ ಮಾಮಾನ ಹುಂಜ

ಈ ಯುಗಾದಿಗೆ ಮುಂಚಿನ ಒಂದು ವರ್ಷದಲ್ಲಿ ನಮ್ಮ ಮಾಮಾನನ್ನು ಊಟಕ್ಕೆ ಕರೆದು, ಎದುರಿಗೆ ಕೂಡಿಸಿಕೊಂಡು, ಕೋಳಿಯ ಒಂದು ತುಂಡನ್ನಾದರೂ ಉಣ್ಣಿಸಿ ಕಳಿಸಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಅವರ ಮನೆ ಹುಡುಕಿಕೊಂಡು ಹೋಗಿ ಕಾಲಿಗೆ ಬಿದ್ದು ಬರುತ್ತೇನೆ. ನನ್ನ ಕೈಯಿಂದಂತೂ ಆಗಲಿಲ್ಲ. ಶಾಲೆಯಲ್ಲಿ ಬಿಸಿಯೂಟದ ಸೊಪ್ಪಿನ ಸಾಂಬಾರು ಕಂಡರೆ ಓಡಿಹೋಗುವ ನಲವತ್ತು ಮಕ್ಕಳನ್ನು ಹಿಡಿದು ಉಣ್ಣಿಸುವ ಟೀಚರು ನಾನು. ಅರವತ್ತು ದಾಟಿದ ಈ ಒಬ್ಬ ಮನುಷ್ಯನಿಗೆ ಉಣ್ಣಿಸಲು ನನ್ನಿಂದ ಆಗಲಿಲ್ಲ ಎಂದರೆ ಸಿಟ್ಟು ಬರುವುದಿಲ್ಲವೇ?

ಮಾಮಾ ಎಂದರೆ ನಮ್ಮ ಅವ್ವನ ಒಬ್ಬನೇ ತಮ್ಮ. ಕರೆಂಟಿನ ಕಂಬ ಹತ್ತಿ ಇಳಿಯುವ ಲೈನ್‌ಮನ್ ಕೆಲಸ ಮಾಡಿ, ನಿವೃತ್ತನಾಗಿ, ಈಗ ಸಗರದಲ್ಲಿ ಅತ್ತೆಯೊಡನೆ ಇದ್ದಾನೆ. ನಾವು ಶಹಾಪುರದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಹತ್ತಿರವೇ ಇರುವುದರಿಂದ ಹಬ್ಬಕ್ಕೆ ಹುಣ್ಣಿಮೆಗೆ ಮಾಮಾ ನಮ್ಮಲ್ಲಿಗೆ ಬರುತ್ತಾನೆ. ಬರಲಿ, ಬೇಡ ಎಂದವರು ಯಾರು? ಬಂದ ಮೇಲೆ ಉಣ್ಣಬೇಕಲ್ಲ.

ನಮ್ಮ ಕಡೆ ಖಂಡ, ಅಂದರೆ ಮಾಂಸ, ತಿನ್ನುವವರೂ ವಾರದಲ್ಲಿ ಒಂದು ದಿನ ಅದನ್ನು ಮುಟ್ಟುವುದಿಲ್ಲ. ಮನೆದೇವರ ದಿನ ಅದು. ವಾರ ಹಿಡಿಯುವುದು ಅನ್ನುತ್ತೇವೆ. ಒಬ್ಬರಿಗೆ ಸೋಮವಾರ, ಇನ್ನೊಬ್ಬರಿಗೆ ಶನಿವಾರ. ಮಾಮಾನದು ಹುಟ್ಟಿದಾಗಿನಿಂದ ಸೋಮವಾರ. ಆದರೆ ಹೋದ ದಸರೆಯ ಮಾರನೆಯ ದಿನ, ಗುರುವಾರ, ನಾನು ಬೆಳಗಿನಿಂದ ಮಸಾಲೆ ಅರೆದು ಕೋಳಿ ಸಾರು ಮಾಡಿ ತಾಟು ಹಚ್ಚಿದರೆ, ಈತ ಕೈ ಅಡ್ಡ ಹಿಡಿದ.

"ನನಗ ಬ್ಯಾಡ ಸೊಸಿ. ಇವತ್ತ ನನ್ನ ವಾರ ಅದ."

"ಇವತ್ತ ಬೇಸ್ತಾರ ಮಾಮಾ. ನಿನ್ನ ವಾರ ಸ್ವಾಮಾರ ಅಲ್ಲೇನು?"

"ಈಗ ಬೇಸ್ತಾರನೂ ಹಿಡದೀನಿ."

ಹಿಡಿಯಲಿ ಎಂದು ಸುಮ್ಮನಾದೆ. ಮುಂದೆ ಒಂದು ಭಾನುವಾರ ನಮ್ಮ ಯಜಮಾನರ ತಂಗಿಯ ಮಗುವಿನ ಜವಳ, ಮೊದಲ ಕೂದಲು ತೆಗೆಸುವ ಕಾರ್ಯ. ಅಂದು ಮಾಮಾ ಆಯ್ತಾರವನ್ನೂ ಹಿಡಿದಿದ್ದ. ಸಂಕ್ರಾಂತಿಯ ಮಾರನೆಯ ದಿನ ಯಾವ ವಾರ ಬಂದಿತ್ತೋ ಅದನ್ನೂ ಹಿಡಿದಿದ್ದ. ಎಲ್ಲರಿಗೂ ವಾರದಲ್ಲಿ ಒಂದು ದಿನ ಖಂಡ ವರ್ಜ್ಯವಾದರೆ, ನಮ್ಮ ಮಾಮಾನಿಗೆ ನಾನು ಯಾವ ದಿನ ಕೋಳಿ ಮಾಡುತ್ತೇನೋ ಆ ದಿನ ವರ್ಜ್ಯ! ನನ್ನ ಅಡಿಗೆ ಸೇರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ದೇವರ ಹೆಸರು ಮುಂದೆ ಮಾಡಿ ತಪ್ಪಿಸಿಕೊಳ್ಳುವುದು ಯಾವ ನ್ಯಾಯ?

ತಪ್ಪಿಸಿಕೊಂಡು ಹೋಗಿ ಕೂಡುತ್ತಿದ್ದುದು ಅವ್ವನ ಬಾಜು. ಅವ್ವನ ತಾಟಿನಲ್ಲಿ ಏನಿರುತ್ತಿತ್ತು? ಜೋಳದ ರೊಟ್ಟಿ, ಎಣ್ಣೆ ಇಲ್ಲದ ಬೇಳೆ. ಹೋದ ವರ್ಷದ ಯುಗಾದಿ ಆದ ಹದಿನೈದೇ ದಿನಕ್ಕೆ ಅವ್ವನಿಗೆ ಎದೆನೋವು ಬಂದು, ಕಲಬುರಗಿಗೆ ಒಯ್ದು, ಎದೆಯ ನಾಳಗಳಿಗೆ ಎರಡು ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದೆವು. ಎಣ್ಣೆ ಬಿಡಿಸಿ ಎಂದರು ಡಾಕ್ಟರು. ಕೋಳಿ ತಿನ್ನಬಹುದು, ತೊಗಲು ಬೇಡ, ಎಣ್ಣೆ ಬೇಡ ಎಂದರು. ನಾನು ಹಾಗೆಯೇ ಕುದಿಸಿ ಕೊಟ್ಟೆ. ಅವ್ವ ಒಂದು ತುಂಡು ಬಾಯಿಗಿಟ್ಟು, "ದವಾಖಾನಿ ವಾಸನಿ ಬರ್ತದವ್ವ" ಎಂದು ತಾಟು ಸರಿಸಿದಳು. ಅಲ್ಲಿಂದ ಮುಂದೆ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಖಂಡವನ್ನು ದೇವರಿರುವ ಅಡಿಗೆಮನೆಯೊಳಗೆ ಮಾಡುವುದಿಲ್ಲ. ಹಿತ್ತಲಿನ ಬೇವಿನ ಗಿಡದ ಕೆಳಗೆ ಮೂರು ಕಲ್ಲಿನ ಒಲೆ. ಇಡೀ ಓಣಿಗೆ ವಾಸನೆ ಹೋಗುವಂಥ ಸಾರನ್ನು ಅದರ ಮೇಲೆ ಮಾಡುತ್ತಿದ್ದ ಅವ್ವ, ಕೋಳಿ ಬೇಯುವ ದಿನ ಹಿತ್ತಲ ಬಾಗಿಲಿಗೂ ಬರುವುದನ್ನು ಬಿಟ್ಟಳು. ಕೇಳಿದರೆ "ಪೀಡಾ ಹೋತು ಬಿಡು" ಅನ್ನುತ್ತಿದ್ದಳು.

ನನಗೆ ಅದು ಸಂಕಟವೇ. ಆದರೆ ಏನು ಮಾಡಲಿ? ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುತ್ತಿದ್ದವಳು ನಾನು. ಆಕೆಯ ಆಸೆಯನ್ನು ಎಬ್ಬಿಸಬಾರದು ಎಂದು ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ. ಈ ಮಾಮಾ ಬಂದು ಎಬ್ಬಿಸಿದ.

ಈ ಸಲದ ಯುಗಾದಿಗೆ ಇನ್ನೂ ಒಂದು ತಿಂಗಳಿತ್ತು. ಮಾಮಾ ಫೋನು ಹಿಡಿದುಕೊಂಡು ಬಂದ. ಯಾವುದೋ ದೇಶದವರು ತಮ್ಮ ಹಬ್ಬಕ್ಕೆಂದು ಆಡಿನ ಮರಿಯಷ್ಟು ದೊಡ್ಡ ಕೋಳಿಯನ್ನು ಅಂಗಳದಲ್ಲಿ ಒಂದು ಡಬ್ಬಿಯೊಳಗೆ ಇಳಿಬಿಟ್ಟು ಬೇಯಿಸುವ ವಿಡಿಯೋ.

"ನೋಡು ಅಕ್ಕ, ಎಣ್ಣಿ ಒಂದು ಹನಿ ಇಲ್ಲ. ಸುತ್ತಲಿನ ಬಿಸಿಗೇ ಬೇಯ್ತದ. ಕರದಂಗ ಆಗ್ತದ."

ಅವ್ವ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. ನನಗೆ ಮೈ ಉರಿಯಿತು.

"ನಮ್ಮೂರಾಗ ಅದಕ್ಕ ಮಿಷನ್ ಯಾಕ ಮಾಮಾ? ಮಧ್ಯಾಹ್ನ ಮಾಳಿಗಿ ಮ್ಯಾಲ ನಿಂತ್ರ ಕೋಳಿ ಒತ್ತಟ್ಟಿಗಿರ್ಲಿ, ನಾವೇ ಎಣ್ಣಿ ಇಲ್ಲದ ಬೇಯ್ತೀವಿ."

"ಬರೋಬರಿ ಹೇಳ್ದಿ. ಆದ್ರ ಅದಕ್ಕೊಂದು ಗಾಳಿ ಬೇಕು" ಎಂದ ಮಾಮಾ, ಚಳಿಗಾಲಕ್ಕೆಂದು ನಾವು ಕೂಲರ್ ಎತ್ತಿಟ್ಟಿದ್ದ ಮಾಳಿಗೆಯ ಕಡೆ ನೋಡಿದ. ಆಗಲೇ ನನಗೆ ಹೊಳೆಯಬೇಕಿತ್ತು.

ಏಕೆಂದರೆ ಮಾಮಾ ಏನನ್ನಾದರೂ ತಯಾರು ಮಾಡಲು ಹೊರಟರೆ ಏನಾಗುತ್ತದೆ ಎಂಬುದು ಸಗರದಲ್ಲಿ ಎಲ್ಲರಿಗೂ ಗೊತ್ತು. ಹಿಂದೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಮೋಟಾರಿಗೆ ತಗಡು ಕಟ್ಟಿ ಬಡಿಯುವ ಯಂತ್ರ ಮಾಡಿದ್ದ. ಹಕ್ಕಿಗಳು ಎರಡೇ ದಿನದಲ್ಲಿ ಅದಕ್ಕೆ ಒಗ್ಗಿಕೊಂಡು ಅದರ ಮೇಲೆಯೇ ಕೂತು ಕಾಳು ತಿಂದವು. ಬೆದರಿದ್ದು ಬಾಜು ಹೊಲದ ಎತ್ತುಗಳು. ಹಗ್ಗ ಹರಿದುಕೊಂಡು ಓಡಿದ ಅವು ಕೊನೆಗೆ ವನದುರ್ಗದ ದಾರಿಯಲ್ಲಿ ಸಿಕ್ಕವು.

ನಾಲ್ಕು ದಿನ ಬಿಟ್ಟು ಶಾಲೆಯಿಂದ ಬಂದೆ. ಹಿತ್ತಲಿನಲ್ಲಿ ನಮ್ಮ ಕೂಲರ್ ಬಿದ್ದಿತ್ತು. ಬಿದ್ದಿತ್ತು ಎಂದರೆ ತಪ್ಪು. ಫ್ಯಾನು ಒಂದು ಕಡೆ, ತಗಡು ಒಂದು ಕಡೆ, ಹುಲ್ಲಿನ ಪಡದೆಗಳು ಗಿಡಕ್ಕೆ ಒರಗಿ ನಿಂತಿದ್ದವು. ಬೇಸಿಗೆ ಬಾಗಿಲಿಗೆ ಬಂದಿರುವಾಗ ಶಹಾಪುರದಲ್ಲಿ ಒಬ್ಬರ ಮನೆಯ ಕೂಲರ್ ಬಿಚ್ಚುತ್ತಾರೆಯೇ? ಅದಕ್ಕಿಂತ ಆ ಮನೆಯ ಬಾಗಿಲನ್ನೇ ಕಿತ್ತುಕೊಂಡು ಹೋಗಬಹುದು.

"ಫಿಕರ್ ಮಾಡಬ್ಯಾಡ. ಕರಿ ಮುಗದ ಮರುದಿನ ಹೆಂಗಿತ್ತೋ ಹಂಗ ಜೋಡಿಸಿಕೊಡ್ತೀನಿ" ಎಂದ. ಕರಿ ಎಂದರೆ ಯುಗಾದಿಯ ಮಾರನೆಯ ದಿನ. ಹಬ್ಬದ ದಿನ ಹೋಳಿಗೆ, ಕರಿಯ ದಿನ ಖಂಡ.

ಯಂತ್ರ ಹೀಗಿತ್ತು. ಹೊರಗೆ ಕೂಲರಿನ ತಗಡಿನ ಮೈ. ಅದರ ನಡುವೆ ಒಂದು ದೊಡ್ಡ ಡಬ್ಬಿ, ಒಳಗೆ ಕೋಳಿ ನೇತುಹಾಕಲು ಕೊಕ್ಕೆ. ಡಬ್ಬಿಯ ಸುತ್ತ ಇದ್ದಿಲಿನ ಕೆಂಡ. ಕೆಂಡಕ್ಕೆ ಗಾಳಿ ಹಾಕಲು ಕೂಲರಿನ ಫ್ಯಾನು. ಎಣ್ಣೆ ಇಲ್ಲದೆ ಬೇಯಿಸುವ ಈ ಯಂತ್ರಕ್ಕೆ ಮಾಮಾ ಹುಡುಕಿ ತಂದ ಡಬ್ಬಿ ಯಾವುದು ಅಂತೀರಿ? ಹದಿನೈದು ಕಿಲೋ ಎಣ್ಣೆಯ ಡಬ್ಬಿ.

ಹಬ್ಬದ ಹಿಂದಿನ ಭಾನುವಾರ ಪರೀಕ್ಷೆ. ಬಾಜು ಮನೆಯ ಗುರಮ್ಮಕ್ಕ ಖಂಡ ಮುಟ್ಟುವವರಲ್ಲ. ಆದರೂ ಗೋಡೆಯ ಮೇಲಿಂದ ಒಂದು ಬುಟ್ಟಿ ಇಳಿಸಿದರು.

"ಅಣ್ಣಾರ, ನಿಮ್ಮ ಕೋಳಿ ಅದರಾಗ ಇಳಿಯೂಕಿಂತ ಮದಲ ನನ್ನ ಬದ್ನಿಕಾಯಿ ಬೇಯಿಸಿ ಕೊಟ್ಟುಬಿಡ್ರಿ."

ಬದನೆಕಾಯಿ ಬೆಣ್ಣೆಯಂತೆ ಬೆಂದು ಬಂದವು. ಮಾಮಾನ ಎದೆ ಉಬ್ಬಿತು. ಅದೇ ಹುರುಪಿನಲ್ಲಿ ತಾನು ತಂದಿದ್ದ ಜವಾರಿ, ಅಂದರೆ ನಾಟಿ, ಹುಂಜವನ್ನು ಇಳಿಸಿದ. ಬದನೆಕಾಯಿಗೆ ಆ ಗಾಳಿ ಸಾಕು, ಹುಂಜಕ್ಕೆ ಜರಾ ಜೋರು ಬೇಕು ಎಂದು ಫ್ಯಾನನ್ನು ಪೂರ್ತಿ ತಿರುಗಿಸಿದ. ಡಬ್ಬಿಯ ಸುತ್ತ ಇದ್ದ ಬೂದಿಯೆಲ್ಲ ಎದ್ದು, ನಾನು ಬೆಳಿಗ್ಗೆ ಚಾಪೆಯ ಮೇಲೆ ಹಾಕಿದ್ದ ಅಕ್ಕಿ ಸಂಡಿಗೆಯ ಮೇಲೆ ಹೋಗಿ ಕೂತಿತು. ಹಸಿ ಸಂಡಿಗೆ. ಒರೆಸುವ ಹಾಗೂ ಇಲ್ಲ, ತೊಳೆಯುವ ಹಾಗೂ ಇಲ್ಲ.

ಎರಡು ತಾಸಿನ ಮೇಲೆ ಹುಂಜ ಹೊರಗೆ ಬಂತು. ಮೇಲೆ ಕಪ್ಪು, ಒಳಗೆ ಕಟ್ಟಿಗೆ. ಚಾಕು ಬಾಗಿತು, ಹುಂಜ ಬಾಗಲಿಲ್ಲ. ಓಣಿಯ ನಾಯಿಗೆ ಹಾಕಿದರೆ ಅದು ಬಾಲ ಅಲ್ಲಾಡಿಸುತ್ತ ಕಚ್ಚಿಕೊಂಡು ಹೋಯಿತು. ಅರ್ಧ ತಾಸಿನ ಮೇಲೆ ತಿರುಗಿ ತಂದು ನಮ್ಮ ಬಾಗಿಲಲ್ಲಿಟ್ಟು ಹೋಯಿತು.

ಇಷ್ಟಕ್ಕೆ ನಾನು ನಕ್ಕು ಬಿಡುತ್ತಿದ್ದೆನೋ ಏನೋ. ಸಂಡಿಗೆ ಇನ್ನೊಮ್ಮೆ ಹಾಕಬಹುದು. ಆದರೆ ಹುಂಜವನ್ನು ಹೊರಗೆ ತೆಗೆದಾಗಲೇ ಅವ್ವ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಒಂದು ವರ್ಷದ ಮೇಲೆ ಬಂದು ನಿಂತಿದ್ದಳು. "ಬೆಂತೇನೋ?" ಎಂದು ಕೇಳಿದಳು. ಮಾಮಾ ಬಾಗಿದ ಚಾಕುವನ್ನು ನೆಟ್ಟಗೆ ಮಾಡುತ್ತ ಕೂತ. ಅವ್ವ "ಇರ್ಲಿ ಬಿಡು" ಎಂದು ಒಳಗೆ ಹೋದಳು. ಆಗ ನನ್ನ ತಲೆ ಕೆಟ್ಟಿತು.

"ಮಾಮಾ, ಆಕಿ ಮರ್ತು ಕುಂತಿದ್ಲು. ನೀ ಬಂದು ನೆನಪು ಮಾಡ್ದಿ. ಆಸೆ ಹಚ್ಚಿದ ಮ್ಯಾಲ ಪೂರಾ ಮಾಡಬೇಕು, ಇಲ್ಲಂದ್ರ ಹಚ್ಚಬಾರ್ದು. ನಮ್ಮ ಮನಿ ಕೋಳಿನೇ ಮುಟ್ಟದವನಿಗೆ ಈ ಉಸಾಬರಿ ಯಾಕ ಬೇಕಿತ್ತು?"

ಹಿರಿಯರಿಗೆ ಹಾಗೆ ಅನ್ನಬಾರದಿತ್ತು. ಅಂದೆ. ಮಾಮಾ ಬೂದಿ ಮೆತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡು, "ಕರಿ ಇನ್ನೂ ನಾಕು ದಿನ ಅದ ಸೊಸಿ" ಎಂದಷ್ಟೇ ಹೇಳಿ ಸಗರದ ಬಸ್ಸು ಹಿಡಿದ.

ಕರಿಯ ದಿನ ಬೆಳಿಗ್ಗೆ ಬಂದ. ಅತ್ತೆಯನ್ನು ನೇರ ನಮ್ಮ ಮನೆಗೆ ಕಳಿಸಿ, ತಾನು ಗೋಗಿಗೆ ಹೋಗಿ ಇನ್ನೊಂದು ಜವಾರಿ ಹುಂಜ ಆರಿಸಿಕೊಂಡು, ಶೇರ್ ಆಟೋದಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಬಂದಿದ್ದ. ಅದೇ ಆಟೋದಲ್ಲಿ ನಮ್ಮ ಹೆಡ್‌ಮಾಸ್ತರರೂ ಇದ್ದರಂತೆ. ಅವರ ಹೊಸ ಪ್ಯಾಂಟಿನ ಮೇಲೆ ಹುಂಜ ಮಾಡಬಾರದ್ದನ್ನು ಮಾಡಿತಂತೆ. "ಯಾರ ಮನಿಗೆ ಹೊಂಟೀರಿ ಅಂತ ಕೇಳಿದ್ರು. ನಿನ್ನ ಹೆಸರು ಹೇಳ್ದೆ" ಎಂದು ಮಾಮಾ ಸಂತೋಷದಿಂದ ಹೇಳಿದ.

"ಅಂಗಡಿ ಕೋಳಿ ತಂದಿದ್ರ ಮೆತ್ತಗಾದ್ರೂ ಬೇಯ್ತಿತ್ತು" ಎಂದೆ.

"ಅಕ್ಕಗ ಇಂಜೆಕ್ಷನ್ ಕೋಳಿ ತಿನ್ನಿಸ್ತೀಯೇನು? ಕರಿ ದಿನ?"

ವಾದ ಏರುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಅವ್ವನ ಮಾತು ಕೇಳಿತು.

"ಜವಾರಿ ಹುಂಜಕ್ಕ ಮದಲ ನೀರಾಗ ಕುದಿಸಬೇಕೋ ತಮ್ಮಾ. ಅದು ನಿನ್ನಂಗ ಮೊಂಡ ಇರ್ತದ. ಹಂಗೇ ಬಿಸಿಗೆ ಹಿಡದ್ರ ಇನ್ನಷ್ಟು ಬಿಗಿತದ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವ್ವ ಮೂರು ಕಲ್ಲಿನ ಮುಂದೆ ಬಂದು ಕೂತಳು. ನಾನು ಬೇಡ ಅನ್ನಲು ಬಾಯಿ ತೆರೆದೆ. ಅತ್ತೆ ನನ್ನ ಕೈ ಹಿಡಿದು ಹಿಂದಕ್ಕೆ ಜಗ್ಗಿದಳು. ತೊಗಲು ತೆಗೆದ ಹುಂಜವನ್ನು ಅರಿಸಿನ, ಉಪ್ಪು, ಜಜ್ಜಿದ ಶುಂಠಿ ಬೆಳ್ಳುಳ್ಳಿ ಹಾಕಿ ಅವ್ವ ತನ್ನ ಕೈಯಾರೆ ಕುದಿಸಿದಳು. ಮೊಸರಿಗೆ ಖಾರ, ಧನಿಯಾ ಪುಡಿ ಕಲಸಿ ಮೈತುಂಬ ಹಚ್ಚಿದಳು. ಎಣ್ಣೆ ಒಂದು ಹನಿಯೂ ಇಲ್ಲ. ನಾನು ಕಣ್ಣಿಟ್ಟು ನೋಡಿದ್ದೇನೆ. ಆಮೇಲೆ ಮಾಮಾ ಅದನ್ನು ಡಬ್ಬಿಯೊಳಗೆ ಇಳಿಸಿದ. ಈ ಸಲ ಫ್ಯಾನಿನ ಮುಂದೆಯೇ ಕೂತು ಮೆಲ್ಲಗೆ ಗಾಳಿ ಬಿಟ್ಟ. ಒಂದು ತಾಸು ಅಲ್ಲಿಂದ ಏಳಲೇ ಇಲ್ಲ. ಕಂಬ ಹತ್ತಿದಾಗಲೂ ಅವನು ಅಷ್ಟು ಜೋಪಾನ ಇದ್ದನೋ ಇಲ್ಲವೋ.

ಊಟಕ್ಕೆ ಕೂತೆವು. ಮಿಕ್ಕವರಿಗೆಂದು ನಾನು ಎಂದಿನಂತೆ ಸಾರು ಬೇರೆ ಮಾಡಿದ್ದೆ. ಮಾಮಾ ಕೆಂಪಗೆ ಬೆಂದ ಹುಂಜವನ್ನು ತಂದು ಅವ್ವನ ಮುಂದಿಟ್ಟ. ಅವ್ವ ಒಂದು ಎಸಳು ಬಿಡಿಸಿಕೊಂಡು ಬಾಯಿಗಿಟ್ಟಳು. ಅಗಿದಳು. ನಾವೆಲ್ಲ ಆಕೆಯ ದವಡೆಯನ್ನೇ ನೋಡುತ್ತ ಕೂತೆವು. ನುಂಗಿದಳು.

"ಉಪ್ಪು ಜರಾ ಕಮ್ಮಿ ಆಗ್ಯಾದ" ಎಂದಳು. ಎಂದು ಇನ್ನೊಂದು ತುಂಡಿಗೆ ಕೈ ಹಾಕಿದಳು.

ನಾನು ಇನ್ನೂ ಒಂದು ತುಂಡು ಬಿಡಿಸಿ ಆಕೆಯ ತಾಟಿಗಿಟ್ಟೆ. ಆದರೆ ಸಿಟ್ಟು ಅಷ್ಟು ಬೇಗ ಬಿಡುವ ಜಾತಿಯವಳಲ್ಲ ನಾನು. ಮಾಮಾನ ಕಡೆ ತಿರುಗಿ, "ಇವತ್ತ ಯಾವ ವಾರ ಹಿಡದೀ ಮಾಮಾ? ನಿನಗೂ ಬ್ಯಾಳಿ ಹಾಕ್ಲೇನು?" ಎಂದು ಕೇಳಿದೆ.

ಮಾಮಾ ತಾಟನ್ನು ಮುಂದೆ ಸರಿಸಿದ.

"ವಾರ ಮುಗದಾವ ಸೊಸಿ. ಹಾಕು."

ಸಾರಿನ ಸೌಟು ಎತ್ತಿದೆ. "ಅದಲ್ಲ. ಅಕ್ಕ ಉಣ್ಣಾಕತ್ತಾಳಲ್ಲ, ಅದನ್ನ ಹಾಕು" ಎಂದ. ಆಮೇಲೆ ತಲೆ ಎತ್ತದೆ ಉಣ್ಣತೊಡಗಿದ. ಮೂಳೆಯನ್ನೂ ಬಿಡಲಿಲ್ಲ. ಒಂದು ವರ್ಷದಿಂದ ಖಂಡ ಕಾಣದವನ ಊಟ ಅದು.

ಅತ್ತೆ ನೀರಿನ ತಂಬಿಗೆ ಇಡುತ್ತ ಮೆಲ್ಲಗೆ ಹೇಳಿದಳು. "ಅಕ್ಕಗ ಆಪರೇಶನ್ ಆದ ದಿನದಿಂದ ನಿನ್ನ ಮಾಮಾ ಮನ್ಯಾಗೂ ಖಂಡ ಮುಟ್ಟಿದ್ದಿಲ್ಲವ್ವ. ಅಕ್ಕ ಬ್ಯಾಳಿ ಉಣ್ಣಾಕತ್ತಾಳ, ನನ್ನ ಗಂಟಲಾಗ ಹೆಂಗ ಇಳಿತದ ಅಂತಿದ್ದ. ಯಾರಿಗೂ ಹೇಳಬ್ಯಾಡ ಅಂದಿದ್ದ."

ಅವ್ವ ಅಗಿಯುವುದನ್ನು ನಿಲ್ಲಿಸಿ ತಮ್ಮನನ್ನು ನೋಡಿದಳು. "ಹುಚ್ಚ ಖೋಡಿ" ಎಂದಳು. ತನ್ನ ತಾಟಿನಲ್ಲಿದ್ದ ತೊಡೆಯನ್ನು ಎರಡು ಮಾಡಿ ಅರ್ಧ ಅವನ ತಾಟಿಗೆ ಹಾಕಿದಳು. ನಾನು ಸೌಟು ಹಿಡಿದುಕೊಂಡೇ ಹಿತ್ತಲಿಗೆ ಹೋಗಿ, ಬೇವಿನ ಗಿಡಕ್ಕೆ ಮುಖ ಮಾಡಿ ಕಣ್ಣೊರೆಸಿಕೊಂಡು ಬಂದೆ.

ಈಗ ಕೂಲರ್ ಜೋಡಿಸಿಕೊಟ್ಟಿದ್ದಾನೆ. ತಗಡು ಒಂದು ಕಡೆ ಸುಟ್ಟು ಕಪ್ಪಾಗಿದೆ. ಫ್ಯಾನು ಹಾಕಿದರೆ ಗಾಳಿಯ ಜೊತೆ ಬೆಂದ ಹುಂಜದ ವಾಸನೆ ಬರುತ್ತದೆ; ಓಣಿಯ ಬೆಕ್ಕುಗಳೆಲ್ಲ ನಮ್ಮ ಕಿಟಕಿಗೆ ಬಂದು ಕೂಡುತ್ತವೆ. ಸೋಪಿನ ಪುಡಿ ಹಾಕಿ ಒಮ್ಮೆ ತಿಕ್ಕಿ ತೊಳೆದರೆ ಹೋದೀತು. ಆದರೆ ಮಧ್ಯಾಹ್ನ ಅವ್ವ ಅದರ ಮುಂದೆಯೇ ಚಾಪೆ ಹಾಸಿಕೊಂಡು ಮಲಗುತ್ತಾಳೆ. ಕಣ್ಣು ಮುಚ್ಚಿಕೊಂಡು, "ಮುಂದಿನ ಕರಿಗೆ ಉಪ್ಪು ಬರೋಬರಿ ಹಾಕಬೇಕು" ಅನ್ನುತ್ತಾಳೆ. ನಾನು ಇನ್ನೂ ತೊಳೆದಿಲ್ಲ.